ಮೇಲ್ ಬರುತ್ತದೆ, ಹೋಗುವುದಿಲ್ಲ. ಯಾಕೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ. ಬುಕಿಂಗ್ ವಿಚಾರಿಸಿ ಬರುವ ಮೇಲ್‌ಗಳೆಲ್ಲ ಔಟ್‌ಲುಕ್‌ಗೆ ಬಂದು ಬೀಳುತ್ತವೆ. ನಾವು ಬರೆದ ಉತ್ತರ ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲುವುದಿಲ್ಲ. ಮಳೆ ಹಿಡಿಯಿತೆಂದರೆ ಪ್ರತಿ ವರ್ಷ ಇದೇ ಪಾಡು. ಫೋನ್ ಲೈನ್ ಕೈಕೊಟ್ಟಾಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೂ ಅಷ್ಟೇ. ಮೇಲ್ ಬರುತ್ತಿದೆ ಅಂದಮೇಲೆ ಹೋಗುವುದಕ್ಕೇನು ಅಡ್ಡಿ?

ಉತ್ತರ: ಕೊಡಗಿನಲ್ಲಿ ಮಳೆ ಜೋರಾಗುವ ಕಕ್ಕಡ ತಿಂಗಳು ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬೇಸತ್ತವರು ಔಟ್‌ಲುಕ್ಕನ್ನೇ ತೆಗೆದು ಹೊಸದಾಗಿ ಹಾಕಲು ಹೊರಡುತ್ತಾರೆ. ದಯವಿಟ್ಟು ಅದು ಬೇಡ. ನಿಮ್ಮದು ಪಿಓಪಿ ಖಾತೆಯಾಗಿದ್ದರೆ, ಅಂದರೆ ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯದಾಗಿದ್ದರೆ, ಹಳೆಯ ಮೇಲ್‌ಗಳು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರಬಹುದು. ಅವಸರದಲ್ಲಿ ಅವುಗಳನ್ನು ಇಟ್ಟಿರುವ ಫೈಲ್ ಅಳಿಸಿ ಹೋದರೆ ಇಷ್ಟು ವರ್ಷದ ಅತಿಥಿಗಳ ಪತ್ರವ್ಯವಹಾರವೂ ಹೋದಂತೆ.

ಮೇಲ್ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ತರುವ ಕೆಲಸ ಪಿಓಪಿ ಅಥವಾ ಐಮ್ಯಾಪ್‌ನದು, ಕಳಿಸುವ ಕೆಲಸ ಎಸ್‌ಎಂಟಿಪಿಯದು. ಸಾಮಾನ್ಯವಾಗಿ ಎರಡಕ್ಕೂ ಸರ್ವರ್ ಹೆಸರು ಬೇರೆ, ಪೋರ್ಟ್ ಸಂಖ್ಯೆ (ಸರ್ವರಿನ ಬಾಗಿಲ ಸಂಖ್ಯೆ ಎನ್ನಿ) ಬೇರೆ. ಹಾಗಾಗಿ ಒಂದು ದಾರಿ ತೆರೆದಿದ್ದು ಇನ್ನೊಂದು ಮುಚ್ಚಿರುವುದು ಸಹಜ.

ಮೊದಲು ಔಟ್‌ಬಾಕ್ಸ್ ತೆರೆದು ನೋಡಿ. ಯಾರೋ ಅತಿಥಿ ಕೋಣೆಯ ಫೋಟೋ ಕೇಳಿರುತ್ತಾರೆ, ನೀವು ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಸೇರಿಸಿರುತ್ತೀರಿ. ಒಂದೊಂದು 4 ಎಂಬಿ ಎಂದರೆ ಒಟ್ಟು 16. ಮೇಲ್‌ನಲ್ಲಿ ಹೋಗುವಾಗ ಫೋಟೋವನ್ನು ಅಕ್ಷರಗಳ ರೂಪಕ್ಕೆ ಬದಲಿಸಬೇಕಾಗುತ್ತದೆ, ಅದರಿಂದ ಗಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಬೆಳೆದು ಸುಮಾರು 22 ಎಂಬಿ ಆಗುತ್ತದೆ. ತಾಮ್ರದ ಲೈನಿನ ಬ್ರಾಡ್‌ಬ್ಯಾಂಡ್‌ನಲ್ಲಿ ಇಳಿಸುವ ವೇಗ ಹೆಚ್ಚು, ಏರಿಸುವ ವೇಗ ತೀರಾ ಕಡಿಮೆ. ನಿಮ್ಮ ಅಪ್‌ಲೋಡ್ 256 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್; ಎಂಟು ಬಿಟ್‌ಗೆ ಒಂದು ಬೈಟ್) ಎಂದಿಟ್ಟುಕೊಂಡರೂ ಆ ಮೇಲ್ ಹೋಗಲು ಹನ್ನೊಂದು ನಿಮಿಷ ಮೀರುತ್ತದೆ. ಎಸ್‌ಎಂಟಿಪಿಗೆ ನಿಂತ ಜಾಗದಿಂದ ಮುಂದುವರಿಸಲು ಬರುವುದಿಲ್ಲ. ಹತ್ತನೇ ನಿಮಿಷದಲ್ಲಿ ಲೈನ್ ಕಡಿದರೆ ಮತ್ತೆ ಮೊದಲಿನಿಂದ ಶುರು. ಹಿಂದೆ ನಿಂತ ಎರಡು ಸಾಲಿನ ಉತ್ತರಗಳೂ ಅದಕ್ಕಾಗಿ ಕಾಯುತ್ತ ಕೂರುತ್ತವೆ. ಬರುವ ಮೇಲ್‌ಗಳು ಚಿಕ್ಕವು. ಲೈನ್ ಎರಡು ನಿಮಿಷ ಸರಿಯಿದ್ದರೂ ಸಾಕು, ಬಂದುಬಿಡುತ್ತವೆ.

ಸೆಂಡ್/ರಿಸೀವ್ ಭಾಗದಲ್ಲಿ 'ವರ್ಕ್ ಆಫ್‌ಲೈನ್' ಒತ್ತಿ, ಆ ದೊಡ್ಡ ಮೇಲನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿ, ಮತ್ತೆ ಆನ್‌ಲೈನ್ ಮಾಡಿ. ಫೋಟೋಗಳನ್ನು ಮುನ್ನೂರು ಕೆಬಿ ಆಸುಪಾಸಿಗೆ ಕುಗ್ಗಿಸಿದರೆ ನಾಲ್ಕೂ ಸೇರಿ ಒಂದು ನಿಮಿಷದೊಳಗೆ ಹೋಗುತ್ತವೆ. ಇನ್ನೊಂದು ಮಾತು. ಔಟ್‌ಬಾಕ್ಸ್‌ನಲ್ಲಿ ಹೋಗಲು ಸಿದ್ಧವಾಗಿರುವ ಮೇಲ್ ಓರೆ ಅಕ್ಷರದಲ್ಲಿ ಕಾಣುತ್ತದೆ. 'ಹೋಯಿತೋ ಇಲ್ಲವೋ' ಎಂದು ಅದನ್ನು ತೆರೆದು ನೋಡಿ ಮುಚ್ಚಿದರೆ ಅಕ್ಷರ ನೆಟ್ಟಗಾಗುತ್ತದೆ, ಮೇಲ್ ಅಲ್ಲೇ ಕೂರುತ್ತದೆ. ಮತ್ತೆ ತೆರೆದು ಸೆಂಡ್ ಒತ್ತಲೇಬೇಕು. ಎಷ್ಟೋ ಮನೆಗಳಲ್ಲಿ ಇಡೀ ತೊಂದರೆ ಇಷ್ಟೇ ಆಗಿರುತ್ತದೆ.

ಇನ್ನು ಹಾಟ್‌ಸ್ಪಾಟ್ ವಿಷಯ. ನಿಮ್ಮದೇ ವಿಳಾಸಕ್ಕೆ ಒಂದು ಸಾಲಿನ ಮೇಲ್ ಕಳಿಸಿ ನೋಡಿ. ಅದೂ ಹೋಗದಿದ್ದರೆ ದೋಷ ಲೈನಿನದಲ್ಲ, ಸೆಟ್ಟಿಂಗ್‌ನದು. ಲೈನ್ ಕೊಟ್ಟವರ ಎಸ್‌ಎಂಟಿಪಿ ಸರ್ವರ್ ಎಷ್ಟೋ ಸಲ ತನ್ನ ಜಾಲದೊಳಗಿಂದ ಬಂದವರನ್ನು ಮಾತ್ರ ಪಾಸ್‌ವರ್ಡ್ ಕೇಳದೆ ಒಳಬಿಡುತ್ತದೆ. ನೀವು ಬೇರೆ ಕಂಪನಿಯ ಮೊಬೈಲ್ ಜಾಲದಿಂದ ಬಂದರೆ ಹೊರಗಿನವರು. ತರುವ ಸರ್ವರ್ ಪಾಸ್‌ವರ್ಡ್ ನೋಡಿ ಎಲ್ಲಿಂದ ಬಂದರೂ ಒಪ್ಪುತ್ತದೆ, ಕಳಿಸುವ ಸರ್ವರ್ ತಿರಸ್ಕರಿಸುತ್ತದೆ. ದೋಷದ ಸಂದೇಶದಲ್ಲಿ 'ರಿಲೇ' ಎಂಬ ಪದ ಕಂಡರೆ ಇದೇ ಕಾರಣ. ಖಾತೆಯ 'ಮೋರ್ ಸೆಟ್ಟಿಂಗ್ಸ್' ತೆರೆದು, ಹೊರಹೋಗುವ ಸರ್ವರ್‌ಗೂ ಲಾಗಿನ್ ಬೇಕು ಎಂಬಲ್ಲಿ ಟಿಕ್ ಹಾಕಿ, ಪೋರ್ಟ್ 25 ಇದ್ದರೆ 587 ಮಾಡಿ. ಸ್ಪ್ಯಾಮ್ ತಡೆಯಲು 25ನ್ನು ಮುಚ್ಚಿಟ್ಟಿರುವ ಜಾಲಗಳು ಬಹಳ. 587 ನಡೆಯುತ್ತದೆಯೇ ಎಂದು ಮೇಲ್ ಖಾತೆ ಕೊಟ್ಟವರನ್ನು ಒಂದು ಮಾತು ಕೇಳಿಕೊಳ್ಳಿ.

ಕರೆಂಟು ನಾಲ್ಕೈದು ದಿನ ಹೋಗಿ ಬಂದಮೇಲೆ ಮೇಲ್ ಬರುವುದೂ ನಿಂತರೆ ಪರದೆಯ ಮೂಲೆಯ ತಾರೀಕು ನೋಡಿ. ಹಳೆಯ ಡೆಸ್ಕ್‌ಟಾಪ್‌ನೊಳಗಿನ ನಾಣ್ಯದಂಥ ಸಿಆರ್ 2032 ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ತಾರೀಕು ತಾಳೆಯಾಗದೆ ಸರ್ವರಿನ ಭದ್ರತಾ ಪ್ರಮಾಣಪತ್ರ ಕಂಪ್ಯೂಟರಿಗೆ ಸುಳ್ಳಾಗಿ ಕಾಣುತ್ತದೆ.

ಲೈನಿನದ್ದು ಕೊನೆಗೆ. ಮೋಡೆಮ್ ಕಳಚಿ, ಮನೆಯೊಳಗೆ ತಂತಿ ಬರುವ ಮೊದಲ ಸಾಕೆಟ್‌ಗೆ ಬರೀ ಫೋನ್ ಹಾಕಿ ಕಿವಿಗಿಡಿ. ಕರಕರ ಸದ್ದಿದ್ದರೆ ದೋಷ ಹೊರಗಿದೆ. ಹೋದ ಮಳೆಗಾಲದಲ್ಲಿ ನೆರೆಯ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಜಾಯಿಂಟ್ ಬಿಚ್ಚಿದಾಗ ನಾನೇ ಕಂಡೆ: ಟೇಪಿನೊಳಗೆ ನೀರು, ತಾಮ್ರ ಹಸಿರು ಪುಡಿಯಾಗಿತ್ತು, ಇರುವೆಗಳು ಮೊಟ್ಟೆಯಿಟ್ಟಿದ್ದವು. ಅದನ್ನು ಕತ್ತರಿಸಿ ಹೊಸದಾಗಿ ಸೇರಿಸಿದ ಸಂಜೆಯೇ ಸದ್ದು ನಿಂತಿತು. ದೂರು ಕೊಡುವಾಗ 'ಇಂಟರ್ನೆಟ್ ಇಲ್ಲ' ಎನ್ನಬೇಡಿ. 'ಫೋನಿನಲ್ಲೇ ಸದ್ದಿದೆ, ಮಳೆ ಬಂದಾಗ ಜಾಸ್ತಿ' ಎಂದು ಹೇಳಿ. ಆಗ ಲೈನ್‌ಮನ್ ಮೋಡೆಮ್ ನೋಡಿ ಹಿಂದಿರುಗದೆ ಕಂಬ ಹತ್ತುತ್ತಾರೆ.