ಯಾರ ಮತವೆಂದು ತಿಳಿದಿರಬೇಕು, ಯಾರಿಗೆಂದು ತಿಳಿಯಬಾರದು

ಲೋಕಸಭಾ ಚುನಾವಣೆ ಹತ್ತಿರವಾದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಸಂದೇಶವೊಂದು ಮರುಜನ್ಮ ಪಡೆಯುತ್ತದೆ. ವಿದೇಶದಲ್ಲಿರುವ ಭಾರತೀಯರು ಈ ಬಾರಿ ಕುಳಿತಲ್ಲಿಂದಲೇ ಆನ್‌ಲೈನ್‌ನಲ್ಲಿ ಮತ ಹಾಕಬಹುದು, ಕೂಡಲೇ ನೋಂದಾಯಿಸಿಕೊಳ್ಳಿ, ಎಲ್ಲರಿಗೂ ಕಳುಹಿಸಿ. 2019ರಲ್ಲಿ ಚುನಾವಣಾ ಆಯೋಗ ಇದು ಸುಳ್ಳೆಂದು ಪ್ರಕಟಿಸಿ ಪೊಲೀಸರಿಗೆ ದೂರನ್ನೂ ಕೊಟ್ಟಿತು. ಸಂದೇಶ ಮಾತ್ರ ಸಾಯಲಿಲ್ಲ. ಅದು ಸುಳ್ಳೆಂದು ಬಲ್ಲವರು ಕೂಡ ಕೊನೆಗೆ ಕೇಳುವುದು ಇದನ್ನೇ: ಮೊಬೈಲ್‌ನಲ್ಲಿ ಲಕ್ಷಗಟ್ಟಲೆ ಹಣ ಕಳುಹಿಸಲು ಆಗುತ್ತದೆ, ಒಂದು ಮತ ಕಳುಹಿಸಲು ಏನು ಕಷ್ಟ?

ಕಷ್ಟವಿದೆ. ಬ್ಯಾಂಕಿನ ವ್ಯವಹಾರ ನಿಂತಿರುವುದೇ ನೆನಪಿನ ಮೇಲೆ. ಯಾರು, ಯಾರಿಗೆ, ಎಷ್ಟು, ಯಾವಾಗ ಎಂಬುದೆಲ್ಲ ದಾಖಲಾಗುತ್ತದೆ. ಕೈಗೆ ರಸೀದಿ ಬರುತ್ತದೆ. ಎಡವಟ್ಟಾದರೆ ಆ ದಾಖಲೆ ಹಿಡಿದು ಜಗಳವಾಡಿ ಹಣ ವಾಪಸ್ ಪಡೆಯಬಹುದು. ಮತದಾನದಲ್ಲಿ ಇದರಲ್ಲಿ ಒಂದೂ ನಡೆಯುವಂತಿಲ್ಲ. ಯಾರಿಗೆ ಹಾಕಿದೆನೆಂಬ ರಸೀದಿ ಸಿಗತೊಡಗಿದ ದಿನ ಮತಕ್ಕೆ ದರ ನಿಗದಿಯಾಗುತ್ತದೆ. ದುಡ್ಡು ಹಂಚಿದವನು ಮರುದಿನ ಬಾಗಿಲಿಗೆ ಬಂದು ‘ಎಲ್ಲಿ, ತೋರಿಸು’ ಎನ್ನುತ್ತಾನೆ. ಮತಯಂತ್ರಕ್ಕೆ ಜೋಡಿಸಿದ ವಿವಿಪ್ಯಾಟ್ ಎಂಬ ಮುದ್ರಕದ ಚೀಟಿಯನ್ನು ಗಾಜಿನ ಹಿಂದೆ ಏಳು ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುವುದು, ಕೈಗೆ ಕೊಡದಿರುವುದು ಇದಕ್ಕಾಗಿಯೇ.

ಮತದಾರ ಯಾರೆಂದು ಖಚಿತವಾಗಿ ತಿಳಿಯಬೇಕು. ಅವನು ಯಾರಿಗೆ ಹಾಕಿದನೆಂದು ಯಾರಿಗೂ ತಿಳಿಯಬಾರದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಮತಗಟ್ಟೆ ಕೋಣೆಯ ಬಲದಿಂದಲೇ ಪೂರೈಸುತ್ತದೆ. ಮೇಜಿನ ಬಳಿ ನಿಮ್ಮ ಹೆಸರು ಕೂಗುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ರಟ್ಟಿನ ಮರೆಗೆ ಹೋದರೆ ನಿಮಗೆ ಹೆಸರಿಲ್ಲ. ಸಿಯಾಚಿನ್‌ನಲ್ಲಿರುವ ಯೋಧನಿಗೆ ಆ ಮೇಜೂ ಇಲ್ಲ, ಮರೆಯೂ ಇಲ್ಲ. ಅವನಿಗಾಗಿ ಆ ನಾಲ್ಕು ಹೆಜ್ಜೆಗಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳುಹಿಸಬೇಕು.

ಆ ಮಡಿಕೆ ಎಷ್ಟು ಜಾಣತನದ್ದು ಎಂಬುದು ನಮ್ಮ ಚುನಾವಣಾ ನಡಾವಳಿ ನಿಯಮಗಳಲ್ಲಿ ಯಾರೂ ಓದದ ಒಂದು ಮೂಲೆಯಲ್ಲಿದೆ. ಅಂಚೆ ಮತದಾರನಿಗೆ ಮತಪತ್ರದ ಜೊತೆ ಮುಖ್ಯವಾಗಿ ಮೂರು ವಸ್ತುಗಳು ಸಿಗುತ್ತವೆ: ನಮೂನೆ 13ಎ ಎಂಬ ಘೋಷಣಾ ಪತ್ರ, 13ಬಿ ಎಂಬ ಒಳ ಲಕೋಟೆ, 13ಸಿ ಎಂಬ ಹೊರ ಲಕೋಟೆ. ಗುರುತು ಹಾಕಿದ ಮತಪತ್ರ ಒಳ ಲಕೋಟೆಗೆ ಹೋಗಿ ಅಂಟಿಕೊಳ್ಳುತ್ತದೆ. ಘೋಷಣಾ ಪತ್ರಕ್ಕೆ ಅವನು ಸಹಿ ಹಾಕಿ, ಅಧಿಕಾರಿಯೊಬ್ಬರಿಂದ ದೃಢೀಕರಣ ಪಡೆಯುತ್ತಾನೆ. ಅದು ಒಳ ಲಕೋಟೆಯ ಹೊರಗೆ, ಹೊರ ಲಕೋಟೆಯ ಒಳಗೆ ಇರುತ್ತದೆ. ಎಣಿಕೆಯ ದಿನ ಚುನಾವಣಾಧಿಕಾರಿ ಮೊದಲು ಹೊರ ಲಕೋಟೆ ತೆರೆದು ಘೋಷಣಾ ಪತ್ರ ಪರಿಶೀಲಿಸುತ್ತಾರೆ. ಸಹಿ ಇಲ್ಲವೇ, ದೃಢೀಕರಣ ಇಲ್ಲವೇ, ಒಳ ಲಕೋಟೆಯನ್ನು ತೆರೆಯದೆಯೇ ಆ ಮತ ತಿರಸ್ಕೃತ. ಸರಿಯಿದ್ದರೆ ಘೋಷಣಾ ಪತ್ರ ಒಂದು ಕಡೆಗೆ, ಒಳ ಲಕೋಟೆ ಇನ್ನೊಂದು ಕಡೆಗೆ. ನನಗೆ ಬಹಳ ಇಷ್ಟವಾದ ವಾಕ್ಯ ಬರುವುದು ಇಲ್ಲಿಯೇ: ಒಂದೇ ಒಂದು ಒಳ ಲಕೋಟೆಯನ್ನು ತೆರೆಯುವ ಮುನ್ನ ಎಲ್ಲ ಘೋಷಣಾ ಪತ್ರಗಳನ್ನೂ ಒಂದು ಪೊಟ್ಟಣದಲ್ಲಿ ಹಾಕಿ ಮೊಹರು ಮಾಡಬೇಕು. ಹೆಸರುಗಳೆಲ್ಲ ಮೊಹರಿನೊಳಗೆ ಹೋದ ಮೇಲೆಯೇ ಮತಗಳು ಹೊರಗೆ ಬರುತ್ತವೆ.

ಘೋಷಣಾ ಪತ್ರದಲ್ಲಿ ಮತಪತ್ರದ ಕ್ರಮಸಂಖ್ಯೆ ಇರುತ್ತದಲ್ಲ, ಆಮೇಲೆ ತಾಳೆ ನೋಡಬಹುದಲ್ಲ ಎಂದು ಚುರುಕು ಓದುಗರು ಕೇಳಬಹುದು. ನಿಜ. ನಂಟು ಪೂರ್ತಿ ಕಡಿದಿಲ್ಲ, ಅದಕ್ಕೆ ಬೀಗ ಹಾಕಿದೆ ಅಷ್ಟೇ. ಕೀಲಿ ಇರುವುದು ನ್ಯಾಯಾಲಯದ ಬಳಿ. ಕಡಿದೇ ಹಾಕುವ ದಾರಿಯನ್ನು ಗಣಿತದಲ್ಲಿ ತೋರಿಸಿದವರು ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚೌಮ್, 1980ರ ದಶಕದ ಆರಂಭದಲ್ಲಿ. ಅದನ್ನು ವಿವರಿಸಲು ಅವರು ಬಳಸಿದ್ದೂ ಲಕೋಟೆಯನ್ನೇ. ಒಳಮೈಗೆ ಕಾರ್ಬನ್ ಹಾಳೆ ಅಂಟಿಸಿದ ಲಕೋಟೆಯೊಳಗೆ ನಿಮ್ಮ ಮತಪತ್ರ ಇಟ್ಟು ಮುಚ್ಚಿ ಅಧಿಕಾರಿಗೆ ಕೊಡಿ. ಅವರು ನಿಮ್ಮ ಗುರುತು ನೋಡಿ ಲಕೋಟೆಯ ಮೇಲೆ ಸಹಿ ಹಾಕುತ್ತಾರೆ. ಕಾರ್ಬನ್‌ನಿಂದಾಗಿ ಸಹಿ ಒಳಗಿನ ಹಾಳೆಗೂ ಇಳಿಯುತ್ತದೆ. ಅಧಿಕಾರಿ ಮಾತ್ರ ಆ ಹಾಳೆಯನ್ನು ನೋಡಿಲ್ಲ. ನೀವು ಲಕೋಟೆ ವಾಪಸ್ ಪಡೆದು, ಹಾಳೆಯನ್ನು ಹೊರತೆಗೆದು, ಹೆಸರಿಲ್ಲದೆ ಅಂಚೆಗೆ ಹಾಕುತ್ತೀರಿ. ಸಹಿ ಅಸಲಿ, ಆದ್ದರಿಂದ ಮತ ಅಸಲಿ. ಯಾರದೆಂದು ಮಾತ್ರ ಸಹಿ ಮಾಡಿದವರಿಗೂ ಗೊತ್ತಿಲ್ಲ. ದೊಡ್ಡ ಸಂಖ್ಯೆಗಳ ಗುಣಾಕಾರದಿಂದ ಇದನ್ನೇ ಕಂಪ್ಯೂಟರಿನಲ್ಲಿ ಸಾಧಿಸಬಹುದು. ‘ಕುರುಡು ಸಹಿ’ ಎಂಬ ಈ ವಿದ್ಯೆಯ ಬಗ್ಗೆ ಇಡೀ ಲೇಖನ ಬರೆಯುವ ಆಸೆಯನ್ನು ಇಲ್ಲಿಗೆ ತಡೆದುಕೊಳ್ಳುತ್ತೇನೆ.

ಗೋಪ್ಯತೆಯ ಜೊತೆ ಕಾಡುವ ಇನ್ನೊಂದು ಶತ್ರು ಕಾಲ. 1945ರಲ್ಲಿ ಬ್ರಿಟನ್ನಿನಲ್ಲಿ ಜುಲೈ 5ರಂದು ಮತದಾನ ನಡೆದರೂ ಫಲಿತಾಂಶ ಬಂದದ್ದು ಜುಲೈ 26ಕ್ಕೆ. ಜಗತ್ತಿನುದ್ದಕ್ಕೂ ಹರಡಿದ್ದ ಸೈನಿಕರ ಮತಗಳು ಊರು ಸೇರಲೆಂದು ದೇಶವೇ ಮೂರು ವಾರ ಕಾಯಿತು. ಯುದ್ಧಾನಂತರದ ವ್ಯವಸ್ಥೆ ಚರ್ಚಿಸಲು ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಸೇರಿದ್ದ ಸಮ್ಮೇಳನಕ್ಕೆ ಹೋಗಿದ್ದ ಪ್ರಧಾನಿ ಚರ್ಚಿಲ್ ನಡುವೆಯೇ ಲಂಡನ್ನಿಗೆ ಮರಳಿ ತಮ್ಮ ಸೋಲಿನ ಸುದ್ದಿ ಕೇಳಬೇಕಾಯಿತು. ಸಮ್ಮೇಳನದ ಉಳಿದ ಭಾಗಕ್ಕೆ ಹೋದವರು ಹೊಸ ಪ್ರಧಾನಿ ಅಟ್ಲಿ. ನಮ್ಮಲ್ಲಿ ಅಷ್ಟು ಸಹನೆಗೆ ಅವಕಾಶವಿಲ್ಲ. ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಮುಗಿಯುವವರೆಗೆ ಮತಪತ್ರ ಅಚ್ಚಿಗೇ ಹೋಗುವಂತಿಲ್ಲ, ಅಭ್ಯರ್ಥಿಗಳ ಪಟ್ಟಿಯೇ ಅಂತಿಮವಾಗಿರುವುದಿಲ್ಲ. ಅಲ್ಲಿಂದ ಮತದಾನಕ್ಕೆ ಕಾನೂನು ಕೇಳುವ ಕನಿಷ್ಠ ಅಂತರ 14 ದಿನ. ಆ ಅವಧಿಯಲ್ಲಿ ಮತಪತ್ರ ಬೆಟ್ಟ ಹತ್ತಿ ಗಡಿ ಠಾಣೆ ಮುಟ್ಟಬೇಕು, ಎಣಿಕೆಯ ದಿನ ಬೆಳಿಗ್ಗೆ 8 ಗಂಟೆಯೊಳಗೆ ಇಳಿದು ಬರಬೇಕು. 2014ರಲ್ಲಿ 13 ಲಕ್ಷಕ್ಕೂ ಹೆಚ್ಚು ಸೇವಾ ಮತದಾರರಿಗೆ, ಅಂದರೆ ಸೇನೆಯಂಥ ಸೇವೆಯಲ್ಲಿ ಊರಿನಿಂದ ದೂರ ಇರುವವರಿಗೆ, ಮತಪತ್ರ ಹೋಯಿತು. ಸಿಂಧುವಾಗಿ ಮರಳಿದ್ದು ಶೇ 4 ಮಾತ್ರ. ದೇಶ ಕಾಯುವವರ ಮತದಾನದ ಹಕ್ಕು ಹೆಚ್ಚುಕಡಿಮೆ ಅಂಚೆ ಚೀಲದಲ್ಲೇ ಮುಗಿದುಹೋಗುತ್ತಿತ್ತು.

2016ರಲ್ಲಿ ನಿಯಮ ಬದಲಾಯಿತು. ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯ ನೆರವಿನಿಂದ ಚುನಾವಣಾ ಆಯೋಗ ರೂಪಿಸಿದ, ಅಂಚೆ ಮತಪತ್ರವನ್ನು ವಿದ್ಯುನ್ಮಾನವಾಗಿ ಕಳುಹಿಸುವ ಇಟಿಪಿಬಿಎಸ್ ಎಂಬ ವ್ಯವಸ್ಥೆ ಮೊದಲು ಪುದುಚೇರಿಯ ನೆಲ್ಲಿತೋಪ್ ಉಪಚುನಾವಣೆಯಲ್ಲಿ ಬಳಕೆಗೆ ಬಂತು. ಇದನ್ನೇ ‘ಸೈನಿಕರು ಆನ್‌ಲೈನ್‌ನಲ್ಲಿ ಮತ ಹಾಕುತ್ತಾರೆ’ ಎಂದು ಬರೆಯುವವರಿದ್ದಾರೆ. ಇಲ್ಲ. ಖಾಲಿ ಮತಪತ್ರ ಮಾತ್ರ ಇಂಟರ್‌ನೆಟ್‌ನಲ್ಲಿ ಹೋಗುತ್ತದೆ. ಅದನ್ನು ಪಿನ್ ಬಳಸಿ ತೆರೆದು, ಮುದ್ರಿಸಿ, ಪೆನ್ನಿನಿಂದ ಗುರುತು ಹಾಕಿ, ಅದೇ ಎರಡು ಲಕೋಟೆಗಳಲ್ಲಿ ಅಂಚೆಗೆ ಹಾಕಬೇಕು. ಖಾಲಿ ಮತಪತ್ರದಲ್ಲಿ ಕದಿಯುವಂಥ ಗುಟ್ಟೇನೂ ಇಲ್ಲ, ಹಾಗಾಗಿ ಆ ದಾರಿಯನ್ನು ತಂತಿಗೆ ಒಪ್ಪಿಸಿದರು. ಗುಟ್ಟು ಹೊತ್ತ ಮತಪತ್ರ ಮರಳುವ ದಾರಿಯನ್ನು ಕಾಗದಕ್ಕೇ ಬಿಟ್ಟರು. ನಕಲು ಪ್ರತಿ ಬಾರದಂತೆ ಎಣಿಕೆಯ ಮೇಜಿನಲ್ಲಿ ಹೊರ ಲಕೋಟೆ, ಘೋಷಣಾ ಪತ್ರ, ಒಳ ಲಕೋಟೆಗಳ ಕ್ಯುಆರ್ ಕೋಡ್‌ಗಳನ್ನು ಒಂದಾದ ಮೇಲೊಂದರಂತೆ ಸ್ಕ್ಯಾನ್ ಮಾಡಿ ತಾಳೆ ನೋಡುತ್ತಾರೆ. ಅರ್ಧ ದಾರಿಯನ್ನು ಉಳಿಸಿದ್ದಕ್ಕೆ ಸಿಕ್ಕ ಫಲ ನೋಡಿ: 2019ರಲ್ಲಿ 18,02,646 ಸೇವಾ ಮತದಾರರ ಪೈಕಿ 10,84,266 ಮಂದಿಯ ಮತಪತ್ರ ಮರಳಿ ಬಂತು. ಶೇ 60.

ಅಂಚೆ ಮತಗಳನ್ನು ಅಂತರ ಕಡಿಮೆಯಿದ್ದಾಗ ಮಾತ್ರ ಎಣಿಸುತ್ತಾರೆ ಎಂಬ ಮಾತನ್ನು ಓದಿಕೊಂಡವರೂ ನಂಬುತ್ತಾರೆ. ವಾಸ್ತವದಲ್ಲಿ ಬೆಳಿಗ್ಗೆ 8ಕ್ಕೆ ಎಣಿಕೆ ಶುರುವಾಗುವುದೇ ಅವುಗಳಿಂದ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ತಿರಸ್ಕೃತವಾದವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಡುರಾತ್ರಿಯವರೆಗೆ ಎಳೆದು ಕೊನೆಗೆ 16 ಮತಗಳ ಅಂತರದಲ್ಲಿ ತೀರ್ಮಾನವಾದಾಗ ವಾಗ್ವಾದ ನಡೆದದ್ದು ತಿರಸ್ಕೃತ ಅಂಚೆ ಮತಗಳ ಸುತ್ತಲೇ.

ಸಶಸ್ತ್ರ ಪಡೆಗಳವರಿಗೆ ಇನ್ನೊಂದು ದಾರಿಯೂ ಇದೆ, 2003ರಿಂದ: ಊರಿನಲ್ಲಿರುವ ಯಾರನ್ನಾದರೂ ಬದಲಿ ಮತದಾರನನ್ನಾಗಿ ನೇಮಿಸುವುದು. ನಮೂನೆ 13ಎಫ್ ತುಂಬಿದರೆ ಸಾಕು. ನೇಮಕವಾದವರು ಅದೇ ಕ್ಷೇತ್ರದ ನಿವಾಸಿಯಾಗಿರಬೇಕು. ಕಾಲದ ಸಮಸ್ಯೆ ಇಲ್ಲಿ ಪೂರ್ತಿ ಮಾಯ. ಅದಕ್ಕೆ ತೆತ್ತ ಬೆಲೆ ಗೋಪ್ಯತೆ: ಮತ ಒತ್ತುವವನಿಗೆ ಗುಟ್ಟು ಗೊತ್ತಿರುತ್ತದೆ, ಅವನು ಹೇಳಿದಂತೆಯೇ ಒತ್ತಿದನೇ ಎಂಬುದು ಯೋಧನಿಗೆ ಎಂದೂ ಗೊತ್ತಾಗುವುದಿಲ್ಲ. ಬದಲಿ ಮತದಾರನಿಗೆ ಶಾಯಿ ಹಚ್ಚುವುದು ಎಡಗೈಯ ನಡುಬೆರಳಿಗೆ, ಏಕೆಂದರೆ ತೋರುಬೆರಳು ಅವನ ಸ್ವಂತ ಮತಕ್ಕೆ ಬೇಕು. ಆ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಪೇಂಟ್ಸ್ ಕಾರ್ಖಾನೆ 1962ರ ಮಹಾ ಚುನಾವಣೆಯಿಂದ ಅದನ್ನು ಪೂರೈಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಬಣ್ಣ ಕೂತಿರುವುದು ಚರ್ಮದ ಪದರದಲ್ಲೇ ಆದ್ದರಿಂದ ಸಾಬೂನಿಗೆ ಜಗ್ಗುವುದಿಲ್ಲ. ಹಳೆಯ ಚರ್ಮ ಉದುರಿ ಉಗುರು ಬೆಳೆದು ಹೋಗುವವರೆಗೂ ಇರುತ್ತದೆ.

ಮನೆಯಿಂದಲೇ ಮತ ಹಾಕುವ ಹಿರಿಯರ ಪ್ರಸಂಗ ತದ್ವಿರುದ್ಧ. 2019ರ ತಿದ್ದುಪಡಿ 80 ದಾಟಿದವರಿಗೂ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಈ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲಿ ಅದು ಬಳಕೆಯಾಯಿತು. 2024ರಲ್ಲಿ ವಯಸ್ಸಿನ ಗೆರೆ 85ಕ್ಕೆ ಏರಿತು. ನಮೂನೆ 12ಡಿ ಕೊಟ್ಟರೆ ಸಿಬ್ಬಂದಿ, ಪೊಲೀಸ್, ವಿಡಿಯೊ ಕ್ಯಾಮೆರಾ ಸಮೇತ ತಂಡ ಮನೆಗೆ ಬರುತ್ತದೆ. ಇಲ್ಲಿ ಅಂಚೆಯ ವಿಳಂಬವಿಲ್ಲ, ಗುರುತಿನ ಅನುಮಾನವಿಲ್ಲ. ಆತಂಕವಿರುವುದು ಅಜ್ಜಿಯ ಬೆನ್ನ ಹಿಂದೆ ನಿಂತಿರುವ ಮೊಮ್ಮಗನ ಬಗ್ಗೆ.

ಬಂಧನದಲ್ಲಿರುವವರ ನಿಯಮ ವಿಚಿತ್ರವಾಗಿದೆ. ಜೈಲಿನಲ್ಲಿರುವವರು, ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳೂ ಸೇರಿ, ಮತ ಹಾಕುವಂತಿಲ್ಲ. ಅಪರಾಧ ನಡೆಯದಂತೆ ತಡೆಯಲೆಂದು ಮೊದಲೇ ಹಿಡಿದಿಟ್ಟ, ಮುಂಜಾಗ್ರತಾ ಬಂಧನದಲ್ಲಿರುವವರು ಮಾತ್ರ ಅಂಚೆ ಮೂಲಕ ಹಾಕಬಹುದು. ವಿಚಾರಣಾಧೀನ ಕೈದಿ ಜೈಲಿನಿಂದಲೇ ಚುನಾವಣೆಗೆ ನಿಂತು ಗೆಲ್ಲಬಹುದು, ತನಗೆ ತಾನೇ ಮತ ಹಾಕಿಕೊಳ್ಳುವಂತಿಲ್ಲ. ಇದಕ್ಕೆ ತರ್ಕ ಹುಡುಕಿ ನಾನಂತೂ ಸೋತಿದ್ದೇನೆ. ಕಣಿವೆ ಬಿಟ್ಟು ಬಂದ ಕಾಶ್ಮೀರಿ ವಲಸಿಗರಿಗೆ ಆಯೋಗ ಲಕೋಟೆಗಿಂತ ಸರಳ ದಾರಿ ಕಂಡುಕೊಂಡಿತು: ಜಮ್ಮು, ಉಧಂಪುರ, ದೆಹಲಿಯಲ್ಲಿ ವಿಶೇಷ ಮತಗಟ್ಟೆ ತೆರೆದು ಕಣಿವೆಯ ಕ್ಷೇತ್ರಗಳಿಗೆ ಅಲ್ಲಿಂದಲೇ ಮತ. ಬೇಕೆಂದವರಿಗೆ ಅಂಚೆಯೂ ಉಂಟು.

ಹಾಗಾದರೆ ಪೂರ್ತಿ ಆನ್‌ಲೈನ್ ಪ್ರಯತ್ನವನ್ನು ಯಾರೂ ಮಾಡಿಲ್ಲವೇ? 2010ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್, ವಿದೇಶದಲ್ಲಿರುವವರಿಗೆ ಮತ್ತು ಸೈನಿಕರಿಗೆಂದು ಇಂಟರ್‌ನೆಟ್ ಮತದಾನ ವ್ಯವಸ್ಥೆ ಕಟ್ಟಿ, ಚುನಾವಣೆಗೆ ಮುನ್ನ ಅಣಕು ಮತದಾನ ನಡೆಸಿ, ಸಾಧ್ಯವಿದ್ದವರು ಒಡೆಯಿರಿ ಎಂದು ಸವಾಲು ಹಾಕಿತು. ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು 48 ಗಂಟೆಗಳೊಳಗೆ ಸರ್ವರ್ ವಶಪಡಿಸಿಕೊಂಡು ಹಾಕಿದ್ದ ಮತಗಳನ್ನೆಲ್ಲ ಬದಲಿಸಿದರು. ಮತ ಹಾಕಿದವರಿಗೆ ಧನ್ಯವಾದ ಹೇಳುವ ಪುಟದಲ್ಲಿ ತಮ್ಮ ವಿಶ್ವವಿದ್ಯಾಲಯದ ಕ್ರೀಡಾಗೀತೆ ಕೇಳಿಬರುವಂತೆ ಮಾಡಿದ್ದರು. ಅಧಿಕಾರಿಗಳಿಗೆ ದಾಳಿಯ ಸುಳಿವು ಸಿಗಲು ಅದೇ ನೆರವಾಯಿತು. ಆ ಯೋಜನೆ ಅಲ್ಲಿಗೇ ನಿಂತಿತು. ಅಮೆರಿಕದ ಹಲವು ರಾಜ್ಯಗಳಲ್ಲಿ ಮತಪತ್ರವನ್ನು ಫ್ಯಾಕ್ಸ್ ಅಥವಾ ಇಮೇಲ್‌ನಲ್ಲಿ ಮರಳಿಸಬಹುದು, ಆದರೆ ಗೋಪ್ಯತೆಯ ಹಕ್ಕು ಬಿಟ್ಟುಕೊಡುತ್ತೇನೆಂದು ಸಹಿ ಹಾಕಬೇಕು. ಗೆದ್ದ ಉದಾಹರಣೆ ಎಸ್ಟೋನಿಯಾ: 2005ರಿಂದ ಇಂಟರ್‌ನೆಟ್ ಮತ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಆನ್‌ಲೈನ್‌ನಲ್ಲೇ ಬಂದವು. ಅಲ್ಲಿನ ವಿನ್ಯಾಸದಲ್ಲೂ ಎರಡು ಲಕೋಟೆಗಳೇ ಇವೆ, ಗೂಢಲಿಪಿಯಲ್ಲಿ. ಬೆದರಿಸಿ ಹಾಕಿಸಿದರೆ? ಮತದಾರ ಎಷ್ಟು ಬಾರಿಯಾದರೂ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ಮತ ಕೊಂಡವನಿಗೆ ತಾನು ಕೊಂಡದ್ದು ಉಳಿದಿದೆಯೇ ಎಂಬ ಭರವಸೆ ಇರುವುದಿಲ್ಲ. ಆದರೆ ಆ ದೇಶದ ಜನಸಂಖ್ಯೆ ಮೈಸೂರು ಜಿಲ್ಲೆಯ ಅರ್ಧಕ್ಕೂ ಕಡಿಮೆ, ಪ್ರತಿ ಪ್ರಜೆಯ ಬಳಿಯೂ ಚಿಪ್ ಇರುವ ಗುರುತಿನ ಚೀಟಿ ಇದೆ.

ನಮ್ಮ ಅನಿವಾಸಿಗಳಿಗೆ 2011ರಿಂದ ಮತದಾನದ ಹಕ್ಕಿದೆ. ನಮೂನೆ 6ಎ ತುಂಬಿ ಪಾಸ್‌ಪೋರ್ಟಿನ ವಿಳಾಸದ ಊರಿನಲ್ಲಿ ಹೆಸರು ಸೇರಿಸಬಹುದು; ಆದರೆ ಮತದಾನದ ದಿನ ಖುದ್ದಾಗಿ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕು. 2024ರಲ್ಲಿ ಹೆಸರಿದ್ದವರು ಸುಮಾರು 1.19 ಲಕ್ಷ, ಬಂದು ಮತ ಹಾಕಿದವರು 2,958, ಅವರಲ್ಲಿ 2,670 ಮಂದಿ ಕೇರಳದವರು. ಬದಲಿ ಮತದಾರರಿಗೆ ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ ಮುಂದಿನ ವರ್ಷ ಆ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. 2020ರಲ್ಲಿ ಆಯೋಗವೇ ಕಾನೂನು ಸಚಿವಾಲಯಕ್ಕೆ ಪತ್ರ ಬರೆದು, ಸೈನಿಕರಿಗಿರುವ ಇಟಿಪಿಬಿಎಸ್ ಸೌಲಭ್ಯವನ್ನು ಅನಿವಾಸಿಗಳಿಗೂ ಕೊಡಲು ತಾಂತ್ರಿಕವಾಗಿ ತಾನು ಸಿದ್ಧ ಎಂದಿತು. ತಂತ್ರಜ್ಞಾನದ ಮಟ್ಟಿಗೆ ಅದು ನಿಜವೂ ಹೌದು. ಕಗ್ಗಂಟಿರುವುದು 13ಎ ನಮೂನೆಯ ದೃಢೀಕರಣದಲ್ಲಿ. ಯೋಧನ ಸಹಿಗೆ ಸಾಕ್ಷಿ ಹಾಕಲು ಅವನ ಘಟಕದಲ್ಲೇ ಅಧಿಕಾರಿಯಿದ್ದಾರೆ. ಕೊಲ್ಲಿಯ ಯಾವುದೋ ಊರಿನ ಕಾರ್ಮಿಕರ ವಸತಿಯಲ್ಲಿರುವ ಉಡುಪಿಯ ಯುವಕ ಒಂದು ಸಾಕ್ಷಿ ಸಹಿಗಾಗಿ ರಜೆ ಹಾಕಿ, ನೂರಾರು ಕಿಲೋಮೀಟರ್ ದೂರದ ರಾಯಭಾರ ಕಚೇರಿಗೆ ಹೋಗಬೇಕಾಗುತ್ತದೆ, ಅದೂ ಮತಪತ್ರ ಸಿದ್ಧವಾಗಿ ಮತ ಎಣಿಕೆ ಶುರುವಾಗುವುದರೊಳಗಿನ ಕೆಲವೇ ದಿನಗಳಲ್ಲಿ.