ಅಕ್ಷರ ಕೀಳುವ ಮುಂಚೆ ಪೇಂಟಿನ ಜಾತಕ ನೋಡಿ

ಡಿಕ್ಕಿ ಮೇಲಿನ ವೇರಿಯಂಟ್ ಅಕ್ಷರ, ಶೋರೂಮಿನವರು ಅಂಟಿಸಿ ಕಳಿಸಿದ ಹೆಸರು, ಹಳೇ ಮಾಲೀಕರ ರೇಡಿಯಂ ಸ್ಟಿಕರ್. ಇವನ್ನು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಹೇರ್ ಡ್ರೈಯರ್, ಒಂದು ಮೊಳ ನೈಲಾನ್ ದಾರ, ಒಂದಿಷ್ಟು ತಾಳ್ಮೆ ಇದ್ದರೆ ಮನೆ ಮುಂದೆಯೇ ಆಗುವ ಕೆಲಸ. ಆದರೂ ಅಕ್ಷರದ ಜೊತೆ ಪೇಂಟೂ ಎದ್ದುಬಂತು ಅಂತ ಟಿಂಕರಿಂಗ್ ಶೆಡ್ ಹುಡುಕುವವರು ಕಡಿಮೆಯಿಲ್ಲ. ವಿಚಾರಿಸಿದರೆ ಬಹಳಷ್ಟು ಸಲ ಗೊತ್ತಾಗುವುದು ಒಂದೇ: ಆ ಪ್ಯಾನೆಲ್‌ಗೆ ಹಿಂದೊಮ್ಮೆ ಹೊರಗಡೆ ಪೇಂಟ್ ಹೊಡೆಸಿದ್ದರು, ಈಗಿನವರಿಗೆ ಅದು ತಿಳಿದಿರಲಿಲ್ಲ.

ಕಂಪನಿ ಪೇಂಟನ್ನು ಓವನ್ನಿನಲ್ಲಿ ಬಿಸಿ ಮಾಡಿ ಗಟ್ಟಿಗೊಳಿಸಿರುತ್ತಾರೆ. ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದು ತಗಡನ್ನು ಹಿಡಿದಿರುವ ಬಿಗಿ, ಬ್ಯಾಡ್ಜ್ ಹಿಂದಿನ ಡಬಲ್ ಗಮ್ ಟೇಪಿನ ಹಿಡಿತಕ್ಕಿಂತ ಜಾಸ್ತಿ. ಹಾಗಾಗಿ ಸರಿಯಾಗಿ ಬಿಸಿ ಮಾಡಿದರೆ ಸೋಲುವುದು ಟೇಪೇ. ಗ್ಯಾರೇಜಿನಲ್ಲಿ ಅವಸರದಲ್ಲಿ ಹೊಡೆದ ಪೇಂಟಿನ ಕಥೆ ಬೇರೆ. ಕೆಳಗೆ ಪುಟ್ಟಿ ಇರುತ್ತದೆ, ಎಮರಿ ಸರಿಯಾಗಿ ಹೊಡೆದಿರುವುದಿಲ್ಲ. ಅಲ್ಲಿ ಟೇಪು ಗೆದ್ದು ಪೇಂಟು ಹಪ್ಪಳದ ಹಾಗೆ ಎದ್ದುಬರುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಅದಕ್ಕೆಂದೇ ಇರುವ ಪ್ರೈಮರ್ ಹೊಡೆಯದೆ ಬಣ್ಣ ಬಳಿದಿದ್ದರಂತೂ ಸ್ಟಿಕರ್ ಎಳೆದರೂ ಸಾಕು. ಹೆದ್ದಾರಿ 48ರಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರು ಹಿಂದಿನಿಂದ ಒಮ್ಮೆ ಗುದ್ದಿಸಿಕೊಂಡಿಲ್ಲ ಅಂತ ಯಾರೂ ಭರವಸೆ ಕೊಡಲಾರರು.

ಪತ್ತೆ ಹಚ್ಚುವುದು ಹೀಗೆ. ಪೇಂಟಿನ ದಪ್ಪ ಅಳೆಯುವ ಗೇಜ್ ಸಿಕ್ಕಿದರೆ ಡಿಕ್ಕಿಯನ್ನೂ ರೂಫನ್ನೂ ಹೋಲಿಸಿ. ರೂಫಿನಲ್ಲಿ 120 ತೋರಿಸಿ ಡಿಕ್ಕಿಯಲ್ಲಿ 250 ತೋರಿಸಿದರೆ ಅದು ಎರಡನೇ ಪೇಂಟ್ ಅನ್ನುವುದರಲ್ಲಿ ಅನುಮಾನ ಬೇಡ. ಸಾಮಾನ್ಯ ಗೇಜು ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸ ಮಾಡುವುದಿಲ್ಲ. ಗೇಜ್ ಇಲ್ಲವೆಂದರೆ ಡಿಕ್ಕಿ ತೆಗೆದು ರಬ್ಬರ್ ಬೀಡಿಂಗ್ ಅಂಚನ್ನು ಬೆರಳಿಂದ ಸರಿಸಿ ನೋಡಿ: ಬಣ್ಣದ ತುಂತುರು, ಮಾಸ್ಕಿಂಗ್ ಟೇಪಿನ ಗೆರೆ ಕಾಣುತ್ತದಾ? ಹಿಂಜಿನ ಬೋಲ್ಟ್ ತಲೆಯ ಬಣ್ಣ ಒಡೆದಿದೆಯಾ? ಕೊನೆಗೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಗೆ ಒಂದು ಹನಿ ಥಿನ್ನರ್ ಹಾಕಿ ಒಮ್ಮೆ ಒರೆಸಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್, ಅಂದರೆ ಥಿನ್ನರಿಗೆ ಕರಗುವ ಪೇಂಟ್ ಇರಬಹುದು. ಅಂಥ ಪ್ಯಾನೆಲ್ ಮೇಲೆ ಬ್ಯಾಡ್ಜ್ ಇದ್ದಲ್ಲೇ ಇರಲಿ, ಮುಟ್ಟಬೇಡಿ.

ಮುಂದಿನ ಪ್ರಶ್ನೆ ಪಿನ್ನಿನದು. ಬಿಡಿ ಅಕ್ಷರಗಳು ಹೆಚ್ಚಾಗಿ ಬರೀ ಗಮ್ಮಿನಲ್ಲಿ ನಿಂತಿರುತ್ತವೆ. ದೊಡ್ಡ ಲೋಗೋಗೆ ಮಾತ್ರ ಹಿಂದೆ ಪ್ಲಾಸ್ಟಿಕ್ ಪಿನ್ ಇದ್ದು, ತಗಡಿನ ತೂತಿನೊಳಗೆ ಕೂತಿರುವುದುಂಟು. ಸ್ಪೇರ್ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಹೊಸ ಲೋಗೋ ತೆಗೆಸಿ ಬೆನ್ನು ನೋಡಿದರೆ ಗೊತ್ತಾಗುತ್ತದೆ. ಪಿನ್ ಇದ್ದರೆ ಬಿಟ್ಟುಬಿಡಿ. ಕಿತ್ತ ಮೇಲೆ ಉಳಿಯುವ ತೂತಿನಿಂದ ಮಳೆ ನೀರು ಒಳಗಿಳಿದು ತುಕ್ಕು ಶುರುವಾಗುತ್ತದೆ. ಅದನ್ನು ಮುಚ್ಚಿಸಿ ಪೇಂಟ್ ಮಾಡಿಸುವ ಖರ್ಚಿಗೆ ಆ ಬೋಳು ಡಿಕ್ಕಿಯ ಅಂದ ಲಾಭದ್ದಲ್ಲ.

ಇನ್ನು ತೊಳೆಯುವುದು. ಎರೆ ಹೊಲದ ಧೂಳಾಗಲಿ, ಚಿತ್ರದುರ್ಗದ ಗಾಳಿ ತರುವ ಸಣ್ಣ ಮರಳಾಗಲಿ ಅಕ್ಷರದ ಸಂದಿಯಲ್ಲಿ ಕೂತಿರುತ್ತದೆ. ಅದರ ಮೇಲೆ ದಾರ ಎಳೆದರೆ ಎಮರಿ ಎಳೆದಂತೆಯೇ. ಕಾರ್ ಶಾಂಪೂ ನೀರು, ಹಳೇ ಟೂತ್ ಬ್ರಶ್ ಹಿಡಿದು ಸಂದಿ ಸಂದಿ ತೊಳೆಯಿರಿ. ಆಯುಧ ಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮವೂ ಅಲ್ಲೇ ಸಿಗುತ್ತದೆ. ಬೋರಿನ ಗಡಸು ನೀರಾದರೆ ಒಣಗಲು ಬಿಡದೆ ಒರೆಸಿ.

ಬಿಸಿಯ ವಿಷಯಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆ ಬಿಸಿಲಲ್ಲಿ ಗಂಟೆ ಹೊತ್ತು ನಿಂತ ಕಡುಬಣ್ಣದ ಕಾರಿಗೆ ಡ್ರೈಯರ್ ಬೇಕೇ ಇಲ್ಲ. ಡಿಸೆಂಬರ್ ಬೆಳಿಗ್ಗೆಯಾದರೆ ನಾಲ್ಕೈದು ಇಂಚು ದೂರದಿಂದ, ಕೈ ಆಡಿಸುತ್ತಾ, ಒಂದೊಂದು ಅಕ್ಷರಕ್ಕೆ ಒಂದೆರಡು ನಿಮಿಷ ಗಾಳಿ ಹಿಡಿಯಿರಿ. ಪ್ಯಾನೆಲ್ ಮೇಲೆ ಅಂಗೈ ಇಟ್ಟರೆ ಎರಡು ಮೂರು ಸೆಕೆಂಡ್ ತಡೆಯುವಂತಿರಬೇಕು, ಅದಕ್ಕಿಂತ ಜಾಸ್ತಿ ಬಿಸಿ ಬೇಡ. ಪೇಂಟರ್ ಬಳಸುವ ಹೀಟ್ ಗನ್ನಿನ ಗಾಳಿ ಕೆಲವು ನೂರು ಡಿಗ್ರಿ ಇರುತ್ತದೆ. ಕೈ ಒಂದು ಕ್ಷಣ ನಿಂತರೆ ಬಂಪರ್ ಸೊಟ್ಟಗಾಗುತ್ತದೆ, ಕ್ಲಿಯರ್ ಕೋಟ್ ಗುಳ್ಳೆ ಏಳುತ್ತದೆ.

ಅಕ್ಷರದ ಸುತ್ತ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ. ಮೀನಿನ ಗಾಳಕ್ಕೆ ಕಟ್ಟುವ ಅರ್ಧ ಮಿಲಿಮೀಟರ್ ದಪ್ಪದ ನೈಲಾನ್ ದಾರ ಒಳ್ಳೆಯದು. ಹಲ್ಲಿಗೆ ಬಳಸುವ ಫ್ಲಾಸ್ ಚಿಕ್ಕ ಅಕ್ಷರಕ್ಕೆ ಆದೀತು, ಆದರೆ ಬೇಗ ಹರಿಯುತ್ತದೆ. ಗ್ಲೌಸ್ ಹಾಕಿ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು ಅಕ್ಷರದ ಮೇಲಂಚಿನಿಂದ ಗರಗಸದ ಹಾಗೆ ಆಡಿಸುತ್ತಾ ಇಳಿಯಿರಿ. ದಾರ ಅಕ್ಷರದ ಬೆನ್ನಿಗೆ ತಾಗಿ ಓಡಬೇಕು, ಪೇಂಟಿಗೆ ಒತ್ತಬಾರದು. ಫೋಮ್ ನಡುವೆ ಸೀಳಿ ಅರ್ಧ ಅಕ್ಷರಕ್ಕೆ, ಅರ್ಧ ಕಾರಿಗೆ ಉಳಿದರೆ ಸರಿಯಾಗಿ ಆಯಿತು ಅಂತಲೇ ಅರ್ಥ. ದಾರ ಸಿಕ್ಕಿಕೊಂಡರೆ ಜಗ್ಗಬೇಡಿ, ಇನ್ನೊಮ್ಮೆ ಬಿಸಿ ಮಾಡಿ. ಇಲ್ಲಿ ಸ್ಕ್ರೂಡ್ರೈವರ್ ತುದಿ ತೂರಿಸಿ ಮೀಟಿದವರ ಕಾರಿನ ಮೇಲೆ ಆ ಗುರುತು ಕಾಯಂ.

ಈಗ ಕಾರನ್ನು ನೆರಳಿಗೆ ತನ್ನಿ. ಬಿಸಿ ಪ್ಯಾನೆಲ್ ಮೇಲೆ ಹಾಕಿದ, ಗಮ್ ತೆಗೆಯುವ ದ್ರಾವಣ ಕೆಲಸ ಮಾಡುವ ಮುಂಚೆಯೇ ಆರಿಹೋಗುತ್ತದೆ, ಕಲೆಯನ್ನೂ ಬಿಡುತ್ತದೆ. ಡ್ರೈಯರ್ ಪ್ಲಗ್ ಕಿತ್ತಿಡಿ, ಗಮ್ ತೆಗೆಯಲು ಬಳಸುವ ಎಣ್ಣೆಗಳೆಲ್ಲ ಬೆಂಕಿ ಹಿಡಿಯುವಂಥವು. ಪ್ಯಾನೆಲ್ ಉಗುರುಬೆಚ್ಚಗೆ ಇರುವಾಗಲೇ ಉಳಿದ ಫೋಮನ್ನು ಹೆಬ್ಬೆರಳಿಂದ ಉರುಳಿಸಿದರೆ ಉಂಡೆಯಾಗಿ ಬರುತ್ತದೆ. ಮಿಕ್ಕ ಗಮ್ಮಿನ ಮೇಲೆ ಟಾರ್ ರಿಮೂವರ್ (ಕಾರಿಗೆ ಹತ್ತಿದ ಡಾಂಬರು ತೆಗೆಯುವ ದ್ರಾವಣ) ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿದ ಬನಿಯನ್ ಬಟ್ಟೆ ಐದು ನಿಮಿಷ ಹೊದಿಸಿ, ಆಮೇಲೆ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ. ಐದು ನಿಮಿಷ ಕಾಯಲಾಗದೆ ಉಜ್ಜುವುದರಿಂದಲೇ ಗೀರು ಬೀಳುವುದು. ಥಿನ್ನರ್ ಬೇಡ. ಟೈಲ್ ಲ್ಯಾಂಪಿಗೆ ತಾಗಿದರೆ ಪ್ಲಾಸ್ಟಿಕ್ ಮಂಜಾಗಿ ಬಿರುಕು ಬಿಡುತ್ತದೆ. ಕೊನೆಯಲ್ಲಿ ಶಾಂಪೂ ಹಾಕಿ ಜಿಡ್ಡು ತೊಳೆಯಿರಿ. ಡ್ರಿಲ್ಲಿಗೆ ಹಾಕುವ ರಬ್ಬರ್ ವೀಲ್ ಉದ್ದನೆ ಪಟ್ಟಿಯಾಗಿ ಉಳಿದ ಗಮ್ಮಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಕಂಪನಿ ಪೇಂಟಿನ ಮೇಲೆ ಮಾತ್ರ, ಅದೂ ಒಂದೇ ಕಡೆ ನಿಲ್ಲಿಸದೆ.

ರೇಡಿಯಂ ಸ್ಟಿಕರ್ ಬ್ಯಾಡ್ಜಿಗಿಂತ ಹಟಮಾರಿ. ಹೊಳೆಯುವ ಪದರ ಒಂದು, ಅಂಟಿನ ಪದರ ಇನ್ನೊಂದು. ನಾಲ್ಕೈದು ಬೇಸಿಗೆ ಕಂಡಿದ್ದರೆ ಮೇಲಿನದು ಉಗುರಿನಷ್ಟು ಚೂರು ಚೂರಾಗಿ ಒಡೆಯುತ್ತದೆ. ಬಿಸಿ ಮಾಡಿ ಮೂಲೆ ಎಬ್ಬಿಸಿ, ನಿಮ್ಮ ಕಡೆಗೆ ಎಳೆಯದೆ ಸ್ಟಿಕರನ್ನು ಅದರ ಮೇಲೇ ಮಡಚಿದಂತೆ ಹಿಂದಕ್ಕೆ, ನಿಧಾನಕ್ಕೆ ಎಳೆಯಿರಿ. ಹಿಂದಿನ ಗಾಜಿನ ಹೊರಮೈ ಆದರೆ ಸೋಪು ನೀರು ಹಾಕಿ ಹೊಸ ಬ್ಲೇಡ್ ಬಳಸಬಹುದು. ಒಳಮೈಗೆ ಬ್ಲೇಡ್ ತಾಗಿಸಿದರೆ ಗಾಜಿನ ಮಂಜು ಕರಗಿಸುವ ಡಿಫಾಗರ್ ಗೆರೆ ಕತ್ತರಿಸಿಹೋಗುತ್ತದೆ.

ಎಲ್ಲ ಆದಮೇಲೂ ಅಕ್ಷರದ ನೆರಳು ಕಾಣಬಹುದು. ಸುತ್ತಲಿನ ಪೇಂಟು ಬಿಸಿಲಿಗೆ ಮಾಸಿದೆ, ಅಡಿಯದು ಮಾಸಿಲ್ಲ, ಅಷ್ಟೇ. ಮೊದಲು ಸಣ್ಣ ಪಾಲಿಶ್ ಹಾಕಿ ನೋಡಿ. ಸಾಲದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್ (ಪೇಂಟಿನ ಮೇಲ್ಮೈ ಉಜ್ಜುವ ಪೇಸ್ಟ್), ಅದೂ ಅಕ್ಷರದ ಜಾಗಕ್ಕಿಂತ ಸುತ್ತಲಿನ ಮಾಸಿದ ಜಾಗಕ್ಕೆ. ಕ್ಲಿಯರ್ ಕೋಟ್ ಇರುವುದೇ 40 ಮೈಕ್ರಾನ್ ಆಸುಪಾಸು, ಕಾಂಪೌಂಡ್ ಪ್ರತಿ ಸಲವೂ ಅದರಲ್ಲಿ ಸ್ವಲ್ಪ ಕೆರೆಯುತ್ತದೆ. ಹಳೇ ಕೆಂಪು ಕಾರಿನಲ್ಲಿ ಬಣ್ಣವೇ ಒಳಗಿಂದ ಮಾಸಿರುತ್ತದೆ, ಅಲ್ಲಿ ನೆರಳು ಪೂರ್ತಿ ಹೋಗುವ ಆಸೆ ಬಿಡಿ.

ಕೆಲಸದ ನಡುವೆ ಒಂದು ಅಂಚಿನಲ್ಲಿ ಪೇಂಟ್ ಏಳುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಎದ್ದ ಸಿಪ್ಪೆಯನ್ನು ಎಳೆಯದೆ ಹೊಸ ಬ್ಲೇಡಿನಿಂದ ಕತ್ತರಿಸಿಬಿಡಿ, ಇಲ್ಲದಿದ್ದರೆ ಅದು ಬಾಗಿಲುದ್ದ ಹೋಗುತ್ತದೆ. ತಗಡು ಕಂಡಿದ್ದರೆ ಅವತ್ತೇ ಪ್ರೈಮರ್ ಮುಟ್ಟಿಸಿ ಟಚಪ್ ಹಚ್ಚಿ. ಉಳಿದ ಅಕ್ಷರಗಳಿಗೆ ಕೈ ಹಾಕುವುದು, ಆ ಪ್ಯಾನೆಲ್ಲಿಗೆ ಮತ್ತೆ ಪೇಂಟ್ ಹೊಡೆಸುವ ದಿನ.