ಕೇಕ್ ಮಿಕ್ಸ್‌ನಿಂದ ಕುಕೀಸ್: ಬಾಕ್ಸ್ ಲೆಕ್ಕ ಬೇಡ, ಗ್ರಾಂ ನೋಡಿ

ಕೇಕ್ ಮಿಕ್ಸ್‌ನಲ್ಲಿ ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲ ಮೊದಲೇ ಸೇರಿರುತ್ತದೆ. ಕೇಕ್‌ಗೆ ಹಾಕುವ ನೀರು ಬಿಟ್ಟು, ಬರೀ ಎಣ್ಣೆ ಮತ್ತು ಮೊಟ್ಟೆ ಹಾಕಿ ಕಲಸಿದರೆ ಅದೇ ಪುಡಿಯಿಂದ ಕುಕೀಸ್ ಆಗುತ್ತದೆ. ಬೇರೆ ಸಕ್ಕರೆ, ಸೋಡಾ ಏನೂ ಬೇಡ. ಇಷ್ಟು ಸುಲಭ. ತೊಡಕಿರುವುದು ಅಳತೆಯಲ್ಲಿ.

"ಒಂದು ಬಾಕ್ಸ್ ಮಿಕ್ಸ್, ಅರ್ಧ ಕಪ್ ಎಣ್ಣೆ, 2 ಮೊಟ್ಟೆ" ಅಂತಲೇ ಎಲ್ಲರೂ ಹೇಳುತ್ತಾರೆ. ಯಾವ ಬಾಕ್ಸ್? ಇದು ಅಮೆರಿಕದ ಲೆಕ್ಕ. ಅಲ್ಲಿ ಬಾಕ್ಸ್ ಮೊದಲು ಸುಮಾರು 517 ಗ್ರಾಂ ಇತ್ತು, ಆಮೇಲೆ 432 ಗ್ರಾಂಗೆ ಇಳಿಯಿತು. ಇಲ್ಲಿ ಮುಂಬೈನ ಮಾಟುಂಗದ ಅಂಗಡಿಯಲ್ಲಿ ಕೈಗೆ ಬರುವ ಪ್ಯಾಕೆಟ್ ಬಹಳ ಸಲ ಅದರ ಅರ್ಧದಷ್ಟೇ ಇರುತ್ತದೆ. ಕ್ರಾಫರ್ಡ್ ಮಾರ್ಕೆಟ್‌ಗೆ ಹೋದರೆ ಕಿಲೋಗಟ್ಟಲೆ ಪ್ರೀಮಿಕ್ಸ್ ಚೀಲ. ಅದೇ 2 ಮೊಟ್ಟೆಯನ್ನು 250 ಗ್ರಾಂ ಮಿಕ್ಸ್‌ಗೆ ಒಡೆದು ಹಾಕಿದರೆ ಹಿಟ್ಟು ಹರಿಯುತ್ತದೆ, ಟ್ರೇ ತುಂಬ ಒಂದೇ ತೆಳು ಕೇಕ್ ಆಗುತ್ತದೆ. ಅದಕ್ಕೇ ನಾನು ಎಲ್ಲವನ್ನೂ 100 ಗ್ರಾಂಗೆ ಇಳಿಸಿಕೊಂಡಿದ್ದೇನೆ:

100 ಗ್ರಾಂ ಮಿಕ್ಸ್‌ಗೆ 28 ಎಂಎಲ್ ಎಣ್ಣೆ, ಅರ್ಧ ಮೊಟ್ಟೆ.

432 ಗ್ರಾಂಗೆ ಅರ್ಧ ಕಪ್, ಅಂದರೆ 120 ಎಂಎಲ್ ಎಣ್ಣೆ ಆದರೆ 100ಕ್ಕೆ ಹತ್ತಿರ ಹತ್ತಿರ 28. ಒಂದು ದೊಡ್ಡ ಚಮಚ 15 ಎಂಎಲ್, ಹಾಗಾಗಿ ಎರಡು ಚಮಚಕ್ಕೆ ಚೂರು ಕಮ್ಮಿ. 250 ಗ್ರಾಂ ಪ್ಯಾಕೆಟ್ ಇದ್ದರೆ 70 ಎಂಎಲ್ ಎಣ್ಣೆ, ಒಂದು ಮೊಟ್ಟೆ, ಉಳಿದ ಕಾಲು ಮೊಟ್ಟೆಯ ಬದಲು ಒಂದೆರಡು ಟೀ ಚಮಚ ಹಾಲು. ಅರ್ಧ ಮೊಟ್ಟೆ ಬೇಕಾದರೆ ಬಟ್ಟಲಲ್ಲಿ ಚೆನ್ನಾಗಿ ಕದಡಿ, ಅರ್ಧ ಸುರಿದರೆ ಆಯಿತು. ಮೊಟ್ಟೆ ತಿನ್ನದವರು ಅರ್ಧ ಮೊಟ್ಟೆಯ ಬದಲು ಒಂದೂವರೆ ದೊಡ್ಡ ಚಮಚ ಗಟ್ಟಿ ಮೊಸರು ಹಾಕಬಹುದು. ಒಮ್ಮೆಲೇ ಸುರಿಯದೆ ನೋಡಿಕೊಂಡು ಹಾಕಿ. ಎಣ್ಣೆಯ ಬದಲು ಬೆಣ್ಣೆ ಹಾಕುವವರಿಗೆ ಒಂದು ಮಾತು: ಬೆಣ್ಣೆಯಲ್ಲಿ ನೀರೂ ಇರುತ್ತದೆ, ಹಾಗಾಗಿ ಮೊಸರು, ಹಾಲು ಇನ್ನಷ್ಟು ಕಮ್ಮಿ ಮಾಡಿ.

ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು. ಬೆರಳಿಗೆ ಸ್ವಲ್ಪ ಅಂಟಿದರೂ ಉಂಡೆ ನಿಲ್ಲಬೇಕು. ಅಂಗೈಯಲ್ಲಿ ಇಟ್ಟಾಗ ತಾನಾಗಿ ಚಪ್ಪಟೆಯಾದರೆ ಒಂದು ಚಮಚ ಮೈದಾ ಸೇರಿಸಿ. ಮುಂಬೈ ಸೆಕೆಗೆ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುವುದು ಒಳ್ಳೆಯದು. ಹಸಿ ಹಿಟ್ಟಿನ ರುಚಿ ನೋಡಬೇಡಿ, ಮಕ್ಕಳಿಗೂ ಕೊಡಬೇಡಿ. ಮೊಟ್ಟೆ ಅಷ್ಟೇ ಅಲ್ಲ, ಮೈದಾ ಕೂಡ ಹಸಿಯೇ ಅಲ್ವಾ.

ಓಟಿಜಿಯನ್ನು (ಮನೆಯ ಸಣ್ಣ ಕರೆಂಟ್ ಓವನ್) 175 ಡಿಗ್ರಿಗೆ ಕಾಯಿಸಿ, ಬಟರ್ ಪೇಪರ್ ಮೇಲೆ ಎರಡು ಇಂಚು ಬಿಟ್ಟು ಬಿಟ್ಟು ಉಂಡೆ ಇಡಿ. 8ರಿಂದ 10 ನಿಮಿಷ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಮೆತ್ತಗಿದ್ದಾಗಲೇ ತೆಗೆಯಬೇಕು. ಆಗ ಬೆಂದಿಲ್ಲ ಅನ್ನಿಸುತ್ತದೆ. ಮುಟ್ಟದೆ ಐದು ನಿಮಿಷ ಟ್ರೇಯಲ್ಲೇ ಬಿಡಿ, ಆರುತ್ತಾ ಗಟ್ಟಿಯಾಗುತ್ತದೆ. ನಮ್ಮ ಚಿಕ್ಕ ಅಡುಗೆಮನೆಗಳಲ್ಲಿ ಒಂದೇ ಟ್ರೇ ಇರುವುದು, ಹಾಗಾಗಿ ಎರಡನೇ ಸುತ್ತಿಗೆ ಮುಂಚೆ ಅದನ್ನು ತಣ್ಣಗಾಗಿಸಿ. ಬಿಸಿ ಟ್ರೇ ಮೇಲೆ ಇಟ್ಟ ಉಂಡೆ ಓವನ್‌ಗೆ ಹೋಗುವ ಮೊದಲೇ ಕರಗಿ ಹರಡುತ್ತದೆ.

ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಮೆತ್ತಗಾದರೆ 150 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಬಿಸಿ ಮಾಡಿ, ಆರಿಸಿ ತಿನ್ನಿ.